ಕಟಕಟೆಯಲ್ಲಿ ಬದಲಾದ ಮಾತು: ಜೆಸ್ಸಿಕಾ ಲಾಲ್ ಪ್ರಕರಣದ ಎರಡನೆಯ ಕಡತ

ರೂಪದರ್ಶಿ ಜೆಸ್ಸಿಕಾ ಲಾಲ್ ಕೊಲೆಯ ಕಥೆ ಬಹುತೇಕ ಎಲ್ಲರಿಗೂ ಗೊತ್ತು. 1999ರ ಏಪ್ರಿಲ್ 29ರ ರಾತ್ರಿ ದೆಹಲಿಯ ಮೆಹ್ರೌಲಿಯಲ್ಲಿರುವ ಕುತುಬ್ ಕೊಲೊನೇಡ್ ಕಟ್ಟಡದ ಟ್ಯಾಮರಿಂಡ್ ಕೋರ್ಟ್ ಎಂಬ ರೆಸ್ಟೋರೆಂಟಿನಲ್ಲಿ ಪಾರ್ಟಿ ನಡೆದಿತ್ತು. ನಡುರಾತ್ರಿ ಕಳೆದ ಮೇಲೆ ಬಾರ್ ನೋಡಿಕೊಳ್ಳುತ್ತಿದ್ದ ಜೆಸ್ಸಿಕಾ, ಬಾರ್ ಮುಚ್ಚಿದೆ, ಇನ್ನು ಮದ್ಯ ಕೊಡಲಾಗದು ಎಂದಿದ್ದಕ್ಕೆ ಮನು ಶರ್ಮಾ ಪಿಸ್ತೂಲು ತೆಗೆದು ಮೊದಲು ಛಾವಣಿಗೆ, ಆಮೇಲೆ ಜೆಸ್ಸಿಕಾಳ ತಲೆಗೆ ಗುಂಡು ಹಾರಿಸಿದ. ಅವನ ತಂದೆ ಹರಿಯಾಣದ ಪ್ರಭಾವಿ ರಾಜಕಾರಣಿ ವಿನೋದ್ ಶರ್ಮಾ. 2006ರ ಫೆಬ್ರುವರಿ 21ರಂದು ಸೆಷನ್ಸ್ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ದೇಶವೆಲ್ಲ ಸಿಟ್ಟಿಗೆದ್ದಿತು. ಅದೇ ವರ್ಷ ಡಿಸೆಂಬರ್ 18ರಂದು ದೆಹಲಿ ಹೈಕೋರ್ಟ್ ಖುಲಾಸೆಯನ್ನು ತಳ್ಳಿಹಾಕಿ ಮನು ಶರ್ಮಾನನ್ನು ದೋಷಿ ಎಂದಿತು, ಎರಡು ದಿನ ಬಿಟ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 2010ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈ ಬರಹದ ವಿಷಯ ಕೊಲೆಯಲ್ಲ, ಅದರ ಬೆನ್ನಿಗೆ ಬೆಳೆದ ಇನ್ನೊಂದು ಕಡತ. ಶಿಕ್ಷೆ ಕೊಟ್ಟ ಹೈಕೋರ್ಟೇ, ನ್ಯಾಯಾಲಯದಲ್ಲಿ ಮಾತು ಬದಲಿಸಿದ 32 ಸಾಕ್ಷಿಗಳಿಗೆ ‘ಸುಳ್ಳು ಸಾಕ್ಷ್ಯ ನುಡಿದಿದ್ದಕ್ಕೆ ನಿಮ್ಮ ಮೇಲೇಕೆ ಮೊಕದ್ದಮೆ ಹೂಡಬಾರದು’ ಎಂದು ಸ್ವಯಂಪ್ರೇರಿತವಾಗಿ ನೋಟಿಸ್ ಕೊಟ್ಟಿತು. ಆ ನೋಟಿಸುಗಳ ಗತಿ ಏನಾಯಿತು ಎಂಬುದನ್ನು ಕೊನೆಯವರೆಗೆ ಹಿಂಬಾಲಿಸಿದವರು ಕಡಿಮೆ. ನನ್ನ ಮಟ್ಟಿಗೆ ಕಾನೂನು ವಿದ್ಯಾರ್ಥಿಗಳು ಮುಖ್ಯ ತೀರ್ಪಿಗಿಂತ ಹೆಚ್ಚು ಕಲಿಯಬೇಕಾದದ್ದು ಈ ಕಡತದಿಂದ. ಪೊಲೀಸರ ಮುಂದೆ ಹೇಳಿದ್ದನ್ನು ಕೋರ್ಟಿನಲ್ಲಿ ಹೇಳದ ಸಾಕ್ಷಿಯನ್ನು ನಾವು ಸಲೀಸಾಗಿ ಸುಳ್ಳುಸಾಕ್ಷಿ ಎಂದುಬಿಡುತ್ತೇವೆ. ಕಾನೂನು ಹಾಗೆ ಅನ್ನುವುದಿಲ್ಲ. ಅನ್ನದಿರುವುದಕ್ಕೆ ಒಳ್ಳೆಯ ಕಾರಣವೂ ಇದೆ, ಅದರಿಂದ ತಪ್ಪಿಸಿಕೊಳ್ಳುವವರಿಗೆ ಒಳ್ಳೆಯ ದಾರಿಯೂ ಇದೆ.

ಕಡತದ ನಡುವೆ ನಿಲ್ಲುವವರು ಶಯಾನ್ ಮುನ್ಷಿ. ಆಗ ರೂಪದರ್ಶಿ, ಮುಂದೆ ನಟ. ಗುಂಡು ಹಾರಿದಾಗ ಬಾರ್ ಕೌಂಟರಿನಲ್ಲಿ ಜೆಸ್ಸಿಕಾಳ ಜೊತೆಗೇ ಇದ್ದವರು. ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ದಾಖಲಾದದ್ದೇ ಅವರ ಹೇಳಿಕೆಯ ಮೇಲೆ. ಅದರಲ್ಲಿದ್ದ ಸಂಗತಿ ನೇರ: ಒಬ್ಬನೇ ವ್ಯಕ್ತಿ ಎರಡು ಗುಂಡು ಹಾರಿಸಿದ, ಒಂದು ಛಾವಣಿಗೆ, ಇನ್ನೊಂದು ಜೆಸ್ಸಿಕಾಗೆ. 2001ರಲ್ಲಿ ಸೆಷನ್ಸ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ನುಡಿದಾಗ ಕಥೆ ಬದಲಾಗಿತ್ತು. ಕೌಂಟರಿನ ಬಳಿ ಇಬ್ಬರಿದ್ದರು. ಛಾವಣಿಗೆ ಹಾರಿಸಿದವನು ಒಬ್ಬ, ಜೆಸ್ಸಿಕಾಗೆ ತಗುಲಿದ ಗುಂಡು ಬಂದದ್ದು ಇನ್ನೊಬ್ಬನಿಂದ. ಹಾಗಾದರೆ ಮೊದಲ ಹೇಳಿಕೆ? ತಾನು ಹೇಳಿದ್ದು ಇಂಗ್ಲಿಷಿನಲ್ಲಿ, ಪೊಲೀಸರು ಬರೆದುಕೊಂಡದ್ದು ಹಿಂದಿಯಲ್ಲಿ, ತನಗೆ ಹಿಂದಿ ಬಾರದು, ಸಹಿ ಮಾತ್ರ ತನ್ನದು ಎಂಬ ವಿವರಣೆ ಬಂತು.

ಈ ವಿವರಣೆಯನ್ನು ಕೇಳಿ ನಗುವವರು ಬಹಳ. 2003ರಲ್ಲಿ ಹಿಂದಿ ಚಲನಚಿತ್ರದಲ್ಲಿ ನಟಿಸಿದವರಿಗೆ ಹಿಂದಿ ಬರುವುದಿಲ್ಲವೇ ಎಂದು ಆಗ ಪತ್ರಿಕೆಗಳೂ ಕೇಳಿದವು. ಪ್ರಶ್ನೆ ಚುರುಕಾಗಿದೆ, ಆದರೆ ಅಭಿಯೋಜಕನ ಕೈಯಲ್ಲಿ ಅದು ಅಷ್ಟು ಗಟ್ಟಿಯಾದ ಅಸ್ತ್ರವಲ್ಲ. ಮಾತನಾಡಲು ಬರುವುದು ಬೇರೆ, ಠಾಣೆಯ ಬರಹಗಾರ ಗೀಚಿದ ಕೈಬರಹ ಓದಲು ಬರುವುದು ಬೇರೆ. ಬೆಂಗಳೂರಿನ ಯಾವುದೇ ಠಾಣೆಯಲ್ಲಿ ಕುಳಿತು ನೋಡಿ. ಬಿಹಾರದ ಕಟ್ಟಡ ಕಾರ್ಮಿಕ ಹಿಂದಿಯಲ್ಲಿ ಹೇಳುತ್ತಾನೆ, ಹೆಡ್ ಕಾನ್‌ಸ್ಟೆಬಲ್ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ, ‘ಓದಿಸಿ ಕೇಳಿದೆ, ಸರಿಯಾಗಿದೆ’ ಎಂಬ ಸಾಲು ಕೊನೆಯಲ್ಲಿ ತಾನಾಗಿ ಬಂದು ಕೂರುತ್ತದೆ. ಮಹಜರಿಗೆ ಪಂಚರಾಗಿ ಸಹಿ ಹಾಕಿದವರಂತೂ ಕೋರ್ಟಿಗೆ ಬಂದು ‘ಪೊಲೀಸರು ಹೇಳಿದ ಕಡೆ ಸಹಿ ಹಾಕಿದೆ, ಅದರಲ್ಲೇನಿದೆ ಗೊತ್ತಿಲ್ಲ’ ಎನ್ನುವುದು ನಮ್ಮ ನ್ಯಾಯಾಲಯಗಳಲ್ಲಿ ನಿತ್ಯದ ಮಾತು. ಎಷ್ಟೋ ಸಲ ಅದು ನಿಜವೂ ಹೌದು. ಅದು ಎಷ್ಟೋ ಸಲ ನಿಜವಾಗಿರುವುದರಿಂದಲೇ ಸುಳ್ಳು ಹೇಳುವವನಿಗೂ ಅದು ಒದಗಿಬರುತ್ತದೆ.

ಕಾನೂನಿನ ಕಡೆಯಿಂದ ನೋಡೋಣ. ಭಾರತೀಯ ದಂಡ ಸಂಹಿತೆಯ 191ನೇ ಕಲಮಿನಂತೆ ಸುಳ್ಳು ಸಾಕ್ಷ್ಯವಾಗಬೇಕಾದರೆ ಮೂರು ಸಂಗತಿ ಒಟ್ಟಿಗೆ ಬರಬೇಕು. ನುಡಿಯುವವನು ಪ್ರಮಾಣದಿಂದಲೋ ಕಾನೂನಿನ ಸ್ಪಷ್ಟ ವಿಧಿಯಿಂದಲೋ ಸತ್ಯ ಹೇಳಲು ಬದ್ಧನಾಗಿರಬೇಕು, ನುಡಿದದ್ದು ಸುಳ್ಳಾಗಿರಬೇಕು, ಅದು ಸುಳ್ಳೆಂದು ಅವನಿಗೆ ಗೊತ್ತಿರಬೇಕು, ಅಥವಾ ನಿಜವೆಂಬ ನಂಬಿಕೆ ಅವನಿಗೆ ಇರಬಾರದು. ನ್ಯಾಯಾಂಗ ನಡವಳಿಯಲ್ಲಿ ಹೀಗೆ ಮಾಡಿದರೆ 193ನೇ ಕಲಮಿನ ಪ್ರಕಾರ ಏಳು ವರ್ಷದವರೆಗೆ ಸೆರೆವಾಸ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ 227 ಮತ್ತು 229ನೇ ಕಲಮುಗಳು. ಶಿಕ್ಷೆಯ ಅವಧಿ ಅಷ್ಟೇ ಉಳಿದು, ದಂಡಕ್ಕೆ ಹತ್ತು ಸಾವಿರ ರೂಪಾಯಿಯ ಮಿತಿ ಬಂದಿದೆ. ಏಳು ವರ್ಷದ ಸೆರೆ ಇಟ್ಟು ದಂಡವನ್ನು ಇಷ್ಟಕ್ಕೇ ಮಿತಿಗೊಳಿಸಿದ್ದು ಯಾರ ಲೆಕ್ಕಾಚಾರವೋ ತಿಳಿಯದು. ಹಣ ಪಡೆದು ಮಾತು ಬದಲಿಸುವವನಿಗೆ ಹತ್ತು ಸಾವಿರ ಒಂದು ಖರ್ಚೇ ಅಲ್ಲ.

ತನಿಖೆಯ ಹೊತ್ತಿನಲ್ಲಿ ಪೊಲೀಸರು ದಾಖಲಿಸುವ ಹೇಳಿಕೆ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 161ನೇ ಕಲಮಿನದು, ಪ್ರಮಾಣದ ಮೇಲೆ ಕೊಟ್ಟದ್ದಲ್ಲ. ಅದಕ್ಕೆ ಸಾಕ್ಷಿಯ ಸಹಿ ಹಾಕಿಸಲೇಬಾರದು ಎಂದು 162ನೇ ಕಲಮು ಹೇಳುತ್ತದೆ. ಕೋರ್ಟಿನಲ್ಲಿ ಅದರ ಬಳಕೆ ಒಂದೇ: ಸಾಕ್ಷಿ ಬೇರೆ ಮಾತನಾಡಿದರೆ ‘ಅಲ್ಲಿ ಹೀಗೆ ಹೇಳಿದ್ದೆಯಲ್ಲ’ ಎಂದು ಪಾಟೀಸವಾಲಿನಲ್ಲಿ ತೋರಿಸಲು. ಪೊಲೀಸರು ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡದ್ದೇ ಪುರಾವೆಯಾಗಬಾರದು ಎಂಬ ಬಹಳ ಹಳೆಯ ಅಪನಂಬಿಕೆ ಇದರ ಹಿಂದಿದೆ. ಅಪನಂಬಿಕೆ ಸಕಾರಣವಾದದ್ದೇ. ಆದರೆ ಸುಳ್ಳು ಸಾಕ್ಷ್ಯದ ಪ್ರಶ್ನೆ ಬಂದಾಗ ಅದರ ಪರಿಣಾಮ ಹೀಗಾಗುತ್ತದೆ: ಠಾಣೆಯ ಮಾತು ಒಂದು, ಕಟಕಟೆಯ ಮಾತು ಇನ್ನೊಂದು ಎಂದು ತೋರಿಸಿದರೆ ಏನೂ ತೋರಿಸಿದಂತಾಗುವುದಿಲ್ಲ. ಪ್ರಮಾಣದ ಮೇಲೆ ಹೇಳಿದ್ದು ಎರಡನೆಯದು ಮಾತ್ರ. ಅದೇ ನಿಜ, ಮೊದಲನೆಯದು ಪೊಲೀಸರ ಸೃಷ್ಟಿ ಎಂದು ಸಾಕ್ಷಿ ಹೇಳಬಹುದು. ಅಭಿಯೋಜನೆ ಆಗ ಎರಡನೆಯದು ಸುಳ್ಳೆಂದು ಸ್ವತಂತ್ರವಾಗಿ ಸಾಬೀತು ಮಾಡಬೇಕು.

ಮ್ಯಾಜಿಸ್ಟ್ರೇಟರ ಮುಂದೆ 164ನೇ ಕಲಮಿನ ಕೆಳಗೆ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಕೊಂಡಿದ್ದರೆ ಲೆಕ್ಕ ಪೂರ್ತಿ ಬೇರೆ. ಆಗ ಎರಡೂ ಮಾತು ಪ್ರಮಾಣದ ಮೇಲಿನವು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 221ನೇ ಕಲಮಿನ ದೃಷ್ಟಾಂತ ಇದನ್ನೇ ಹೇಳುತ್ತದೆ. ‘ಅ’ ಎಂಬವನು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ, ‘ಬ’ ಎಂಬವನು ‘ಕ’ನನ್ನು ದೊಣ್ಣೆಯಿಂದ ಹೊಡೆದದ್ದನ್ನು ಕಂಡೆ ಎನ್ನುತ್ತಾನೆ. ಸೆಷನ್ಸ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ, ‘ಬ’ ಹೊಡೆಯಲೇ ಇಲ್ಲ ಎನ್ನುತ್ತಾನೆ. ಯಾವುದು ಸುಳ್ಳೆಂದು ಸಾಬೀತಾಗದಿದ್ದರೂ ಪರ್ಯಾಯ ಆರೋಪ ಹೊರಿಸಿ ‘ಅ’ನನ್ನು ಶಿಕ್ಷಿಸಬಹುದು. ಸುಳ್ಳು ಸಾಕ್ಷ್ಯದ ಮೊಕದ್ದಮೆ ಕೊಲೆಯ ತನಿಖೆಯ ಮೊದಲ ವಾರದಲ್ಲೇ ಗೆಲ್ಲುವುದೋ ಸೋಲುವುದೋ ಆಗಿಬಿಡುತ್ತದೆ ಎನ್ನುವುದು ಇದಕ್ಕೇ. ತನಿಖಾಧಿಕಾರಿ ಆ ವಾರದಲ್ಲಿ ಸಾಕ್ಷಿಯನ್ನು ಮ್ಯಾಜಿಸ್ಟ್ರೇಟರ ಬಳಿ ಕರೆದೊಯ್ದನೇ ಇಲ್ಲವೇ ಎಂಬುದೇ ಆರೇಳು ವರ್ಷದ ಮೇಲೆ ಫಲ ಕೊಡುತ್ತದೆ.

ಮುನ್ಷಿಯವರ ಹೇಳಿಕೆ 161ರದಲ್ಲ, ಎಫ್‌ಐಆರ್‌ನದು. ಅದಕ್ಕೆ ಅವರ ಸಹಿ ಇದೆ. ಹಾಗಿದ್ದರೂ ಅದು ಪ್ರಮಾಣದ ಮೇಲೆ ಕೊಟ್ಟದ್ದಲ್ಲ. ಹೀಗಾಗಿ ಅವರ ವಿರುದ್ಧದ ವಾದ ‘ಅಂದು ಹಾಗೆಂದರು, ಇಂದು ಹೀಗೆಂದರು’ ಎಂಬಲ್ಲಿಗೆ ನಿಲ್ಲುವಂತಿರಲಿಲ್ಲ. ಇಬ್ಬರು ಹಾರಿಸಿದರು ಎಂಬ ಪ್ರಮಾಣದ ಮಾತೇ ಸುಳ್ಳೆಂದು ತೋರಬೇಕಿತ್ತು. ಆ ಪುರಾವೆ ಬೇರೆ ಕಡೆಯಿಂದ ಬಂತು. ರೆಸ್ಟೋರೆಂಟ್ ನಡೆಸುತ್ತಿದ್ದ ಬೀನಾ ರಮಾನಿ, ಅವರ ಮಗಳು ಮಾಲಿನಿ, ಬೀನಾರ ಪತಿ ಜಾರ್ಜ್ ಮೈಲ್ಹಾಟ್, ಅತಿಥಿಯಾಗಿ ಬಂದಿದ್ದ ದೀಪಕ್ ಭೋಜ್ವಾನಿ, ಇವರು ತಮ್ಮ ಮಾತಿಗೆ ಅಂಟಿಕೊಂಡರು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಇವರನ್ನು ನಂಬಿದವು. ಗುಂಡು ಹಾರಿಸಿದವನು ಮನು ಶರ್ಮಾ ಎಂದು ನ್ಯಾಯಾಲಯ ತೀರ್ಮಾನಿಸಿದ ಮೇಲೆ ‘ಇನ್ನೊಬ್ಬ’ನಿಗೆ ಜಾಗ ಉಳಿಯಲಿಲ್ಲ. ಗುಂಡಿನ ಸದ್ದಿಗೆ ಅತ್ತ ತಿರುಗಿ ತಪ್ಪಾಗಿ ಕಂಡೆ ಎಂದು ಹೇಳಲು ಮುನ್ಷಿ ದೂರದಲ್ಲೂ ಇರಲಿಲ್ಲ. ಉಳಿದ ಸಾಕ್ಷಿಗಳಿಂದ ಅವರನ್ನು ಬೇರೆಯಾಗಿಸಿದ್ದು, ನನ್ನ ಓದಿನಲ್ಲಿ, ಇದೇ: ಅವರು ‘ನಾನು ನೋಡಲಿಲ್ಲ’ ಎನ್ನಲಿಲ್ಲ. ನೋಡಿದೆ ಎಂದರು, ಬೇರೆಯದನ್ನು ನೋಡಿದೆ ಎಂದರು. ‘ನೆನಪಿಲ್ಲ’ ಎಂಬ ಸಾಕ್ಷಿಯ ತಲೆಯೊಳಗೆ ಇಳಿದು ನೋಡುವ ದಾರಿ ನ್ಯಾಯಾಲಯಕ್ಕಿಲ್ಲ. ಹೊಸ ಸಂಗತಿಯನ್ನು ಕಟ್ಟಿ ಹೇಳಿದವನ ಮಾತನ್ನು ಮಾತ್ರ ಪರೀಕ್ಷಿಸಬಹುದು.

ಎರಡು ಬಂದೂಕಿನ ವಾದಕ್ಕೆ ಇನ್ನೊಂದು ಆಸರೆ ಇತ್ತು. ಸ್ಥಳದಲ್ಲಿ ಎರಡು ಖಾಲಿ ತೋಟಾಗಳು ಸಿಕ್ಕಿದ್ದವು. ಮನು ಶರ್ಮಾನಿಗೆ ಪರವಾನಗಿ ಇದ್ದ .22 ಪಿಸ್ತೂಲು ಕೊನೆಯವರೆಗೂ ಪತ್ತೆಯಾಗಲಿಲ್ಲ. ಜೈಪುರದಲ್ಲಿರುವ ರಾಜಸ್ಥಾನ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞ ಪಿ.ಎಸ್. ಮನೋಚಾ, ಆಯುಧವಿಲ್ಲದೆ ಎರಡೂ ತೋಟಾ ಒಂದೇ ಪಿಸ್ತೂಲಿನಿಂದ ಹಾರಿದವೇ ಎಂದು ಖಚಿತವಾಗಿ ಹೇಳಲಾಗದು ಎಂದು ಬರೆದುಕೊಟ್ಟಿದ್ದರು. ಕೋರ್ಟಿನಲ್ಲಿ ಒತ್ತಾಯಿಸಿ ಕೇಳಿದಾಗ, ಬೇರೆಬೇರೆ ಆಯುಧಗಳಿಂದ ಹಾರಿದಂತೆ ಕಾಣುತ್ತದೆ ಎಂದರು. ಖುಲಾಸೆಯ ಗೋಡೆ ಬಹುಮಟ್ಟಿಗೆ ಎದ್ದದ್ದು ಈ ಎರಡು ಸಾಕ್ಷ್ಯಗಳ ಮೇಲೆ: ಮುನ್ಷಿಯವರ ‘ಇಬ್ಬರು’, ಮನೋಚಾರ ‘ಎರಡು ಆಯುಧ’.

ಇನ್ನು ಸುಳ್ಳುಸಾಕ್ಷಿಯ ಮೇಲೆ ಮೊಕದ್ದಮೆ ಹೂಡುವ ದಾರಿ. ಸುಳ್ಳು ಸಾಕ್ಷ್ಯದ ದೂರನ್ನು ಠಾಣೆಗೆ ಹೋಗಿ ಕೊಟ್ಟು ಎಫ್‌ಐಆರ್ ಹಾಕಿಸಲು ಬರುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 195ನೇ ಕಲಮು ಬಾಗಿಲು ಹಾಕಿದೆ. ಯಾವ ನ್ಯಾಯಾಲಯದ ಮುಂದೆ ಸುಳ್ಳು ನುಡಿಯಲಾಯಿತೋ ಅದು, ಅಥವಾ ಅದರ ಮೇಲಿನ ನ್ಯಾಯಾಲಯ, ಲಿಖಿತ ದೂರು ಕೊಡಬೇಕು. ಹಳ್ಳಿಯ ಜಮೀನು ವ್ಯಾಜ್ಯ ಕಂಡವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಸೋತವರೆಲ್ಲ ಗೆದ್ದವರ ಸಾಕ್ಷಿಗಳ ಮೇಲೆ ಕೇಸು ಹಾಕುತ್ತಾ ಹೋದರೆ ಒಂದು ಪಾಲಿನ ದಾವೆಯಿಂದ ಹತ್ತು ಕ್ರಿಮಿನಲ್ ಮೊಕದ್ದಮೆ ಹುಟ್ಟುತ್ತವೆ, ಮುಂದೆ ಯಾರೂ ಸಾಕ್ಷಿ ಹೇಳಲು ಬರುವುದಿಲ್ಲ.

340ನೇ ಕಲಮಿನ ವಿಧಾನ ಹೀಗಿದೆ. ನ್ಯಾಯಾಲಯ ಬೇಕೆನಿಸಿದರೆ ಪ್ರಾಥಮಿಕ ವಿಚಾರಣೆ ನಡೆಸಬಹುದು, ಬೇಡವಾದರೆ ಬಿಡಬಹುದು. ಅದು ಕಡ್ಡಾಯವಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಪಂಜಾಬಿನ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಪರಾಧ ನಡೆದಂತೆ ಕಾಣುತ್ತದೆ ಎಂಬುದಷ್ಟೇ ಸಾಲದು, ದೂರು ಕೊಡುವುದು ನ್ಯಾಯದ ಹಿತದೃಷ್ಟಿಯಿಂದ ಉಚಿತ ಎಂಬ ಅಭಿಪ್ರಾಯ ದಾಖಲಾಗಬೇಕು. ಆ ಮೇಲೆ ದೂರು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಅವರು ಅದನ್ನು ಪೊಲೀಸ್ ವರದಿಯ ಮೇಲೆ ಬಂದ ಪ್ರಕರಣದಂತೆ ನಡೆಸುತ್ತಾರೆ. ‘ಉಚಿತವೇ’ ಎಂಬ ಪ್ರಶ್ನೆಗೆ ಅಳತೆ ಏನು? 2005ರ ಇಕ್ಬಾಲ್ ಸಿಂಗ್ ಮರ್ವಾಹ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದ್ದು: ಎದುರು ಪಕ್ಷದವರಿಗೆ ಎಷ್ಟು ನಷ್ಟವಾಯಿತು ಎಂಬುದು ಮುಖ್ಯವಲ್ಲ, ನ್ಯಾಯದಾನದ ಮೇಲೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಸಾಕ್ಷಿ ಹೇಳಿದ ಸುಳ್ಳು, ಮೊಕದ್ದಮೆಗೆ ಮುಖ್ಯವಾದ ಸಂಗತಿಯ ಬಗ್ಗೆಯೇ ಇರಬೇಕು ಎಂಬುದು ಅಪರಾಧದ ವ್ಯಾಖ್ಯೆಯಲ್ಲೇ ಇದೆ. ನಮ್ಮ 191ರಲ್ಲಿ ಆ ಷರತ್ತಿಲ್ಲ. ಆ ಜರಡಿ ಕೆಲಸವನ್ನು ಇಲ್ಲಿ ನ್ಯಾಯಾಧೀಶರ ಈ ವಿವೇಚನೆ ಮಾಡುತ್ತದೆ.

ಇನ್ನೊಂದು ಅಡ್ಡದಾರಿಯೂ ಇತ್ತು. 344ನೇ ಕಲಮಿನಂತೆ ವಿಚಾರಣೆ ನಡೆಸಿದ ಸೆಷನ್ಸ್ ನ್ಯಾಯಾಧೀಶರೇ ತೀರ್ಪು ಕೊಡುವಾಗ ಸುಳ್ಳುಸಾಕ್ಷಿಯನ್ನು ಅಲ್ಲೇ ಸಂಕ್ಷಿಪ್ತವಾಗಿ ವಿಚಾರಿಸಿ ಮೂರು ತಿಂಗಳವರೆಗೆ ಸೆರೆಗೆ ಕಳಿಸಬಹುದು, ಐನೂರು ರೂಪಾಯಿ ದಂಡ ಹಾಕಬಹುದು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 383ನೇ ಕಲಮು, ದಂಡ ಸಾವಿರಕ್ಕೆ ಏರಿದೆ. ಮೂರೇ ತಿಂಗಳಾದರೂ ಅದೇ ಕೋಣೆಯಲ್ಲಿ, ಅದೇ ದಿನ ಸಿಗುವ ಶಿಕ್ಷೆಗೆ ಹನ್ನೆರಡು ವರ್ಷದ ಮೇಲೆ ಬರುವ ಆದೇಶಕ್ಕಿಂತ ಹೆಚ್ಚು ತೂಕವಿದೆ ಎಂದು ನನಗನ್ನಿಸುತ್ತದೆ. ಆದರೆ ಎಲ್ಲರನ್ನೂ ಖುಲಾಸೆ ಮಾಡುವ ನ್ಯಾಯಾಲಯ, ಆ ಖುಲಾಸೆಗೆ ಕಾರಣವಾದ ಸಾಕ್ಷಿಯನ್ನು ಸುಳ್ಳುಗಾರ ಎನ್ನುವುದು ಹೇಗೆ? ಈ ಕಲಮು ಬೇಕಾಗುವ ಕಡೆಯಲ್ಲೇ ಕೈಗೆ ಸಿಗುವುದಿಲ್ಲ.

ನೋಟಿಸ್ ಹೊರಟದ್ದು 2006ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ತೆಹಲ್ಕಾ ಪತ್ರಿಕೆ ಸ್ಟಾರ್ ನ್ಯೂಸ್ ವಾಹಿನಿಯ ಜೊತೆ ನಡೆಸಿದ ಕುಟುಕು ಕಾರ್ಯಾಚರಣೆ ಸಾಕ್ಷಿಗಳನ್ನು ಹೇಗೆ ತಿರುಗಿಸಲಾಯಿತು ಎಂಬುದನ್ನು ಪ್ರಸಾರ ಮಾಡಿತು, ವಿನೋದ್ ಶರ್ಮಾ ಹರಿಯಾಣದ ಸಚಿವ ಸ್ಥಾನ ಬಿಡಬೇಕಾಯಿತು. ಜನರ ದೃಷ್ಟಿಯಲ್ಲಿ ಅಲ್ಲಿಗೆ ಎಲ್ಲವೂ ಸಾಬೀತಾಗಿತ್ತು. ಆದರೂ ಹೈಕೋರ್ಟಿನ ಆದೇಶ ಬಂದದ್ದು 2013ರ ಮೇ 22ರಂದು. ಆ ಹೊತ್ತಿಗೆ ಕಣದಲ್ಲಿ ಉಳಿದಿದ್ದವರು 19. ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮತ್ತು ನ್ಯಾಯಮೂರ್ತಿ ಜಿ.ಪಿ. ಮಿತ್ತಲ್ ಅವರ ಪೀಠ ಹದಿನೇಳು ಮಂದಿಯನ್ನು ಕೈಬಿಟ್ಟು ಇಬ್ಬರ ಮೇಲೆ ಮಾತ್ರ ಮೊಕದ್ದಮೆ ಹೂಡಲು ಹೇಳಿತು: ಮುನ್ಷಿ ಮತ್ತು ಮನೋಚಾ. ಇದು ದೋಷಿ ಎಂಬ ತೀರ್ಪಲ್ಲ, ವಿಚಾರಣೆ ನಡೆಯಲಿ ಎಂಬ ನಿರ್ದೇಶನ. ಕಟಕಟೆಯಲ್ಲಿ ಆ ಮಾತು ಹೊರಟು ಅಷ್ಟರಲ್ಲಿ ಹನ್ನೆರಡು ವರ್ಷವಾಗಿತ್ತು. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ಕಾಲಮಿತಿ ಇಲ್ಲದ್ದರಿಂದ ಪ್ರಕ್ರಿಯೆ ಬದುಕಿತ್ತು, ಅಷ್ಟೆ.

ಮನೋಚಾ ಸುಪ್ರೀಂ ಕೋರ್ಟಿಗೆ ಹೋದರು. 2016ರ ಜನವರಿ 6ರಂದು ಅವರ ವಿರುದ್ಧದ ಕ್ರಮ ರದ್ದಾಯಿತು. ನ್ಯಾಯಾಲಯದ ಮಾತು ಇಷ್ಟು: ತಜ್ಞನೆಂದರೆ ಕಂಡದ್ದನ್ನು ಹೇಳುವ ಸಾಕ್ಷಿಯಲ್ಲ, ಅಭಿಪ್ರಾಯ ಕೊಡುವವನು. ಆಯುಧವಿಲ್ಲದೆ ಖಚಿತವಾಗಿ ಹೇಳಲಾರೆ ಎಂದು ಮೊದಲೇ ಬರೆದುಕೊಟ್ಟವರನ್ನು ನ್ಯಾಯಾಲಯವೇ ಒತ್ತಾಯಿಸಿ ಕೇಳಿ, ಅವರು ಕೊಟ್ಟ ಉತ್ತರ ಮೊದಲಿನದಕ್ಕಿಂತ ಬೇರೆ ಎಂದು ಅವರನ್ನೇ ಆರೋಪಿಯಾಗಿಸುವುದು ಸರಿಯಲ್ಲ. ಈ ತೀರ್ಪು ಬಂದಾಗ ಅಸಮಾಧಾನ ಪಟ್ಟವರಿದ್ದರು. ನಾನು ಇದನ್ನು ಒಪ್ಪುತ್ತೇನೆ. ಅಭಿಪ್ರಾಯ ಬದಲಾದದ್ದಕ್ಕೆ ಏಳು ವರ್ಷದ ಸೆರೆಯ ಭಯ ಹುಟ್ಟಿಸಿದರೆ ಮುಂದಿನ ಪ್ರತಿ ತಜ್ಞನೂ ಪೊಲೀಸರಿಗೆ ಬೇಕಾದ ಒಂದೇ ಸಾಲನ್ನು ಬರೆದು ಅದಕ್ಕೇ ಜೋತುಬೀಳುತ್ತಾನೆ. ಹಣ ಪಡೆದು ಅಭಿಪ್ರಾಯ ಕೊಟ್ಟದ್ದು ಸಾಬೀತಾದರೆ ಅದು ಬೇರೆ ಮಾತು. ಅದಕ್ಕೆ ಹಣದ ಜಾಡು ಹಿಡಿಯಬೇಕು, ಎರಡು ಉತ್ತರಗಳ ವ್ಯತ್ಯಾಸವನ್ನಲ್ಲ. ಹೀಗೆ 32 ನೋಟಿಸಿನಿಂದ ಹೊರಟದ್ದು ಒಬ್ಬರ ಹೆಸರಿಗೆ ಬಂದು ನಿಂತಿತು.

ಇದೇ ಪ್ರಕರಣದಲ್ಲಿ ನ್ಯಾಯಕ್ಕೆ ಅಡ್ಡಿ ಮಾಡಿದ್ದಕ್ಕೆ ಶಿಕ್ಷೆಯಾದದ್ದೂ ಉಂಟು, ಅದೂ ಮುಖ್ಯ ತೀರ್ಪಿನಲ್ಲೇ. ಮನು ಶರ್ಮಾ ಬಂದಿದ್ದ ಕಪ್ಪು ಟಾಟಾ ಸಫಾರಿ ಕೃತ್ಯದ ನಂತರ ರೆಸ್ಟೋರೆಂಟಿನ ಹೊರಗೇ ಉಳಿದಿತ್ತು. ಕಾವಲಿಗಿದ್ದ ಗೃಹರಕ್ಷಕ ದಳದ ಸಿಬ್ಬಂದಿಯ ಕಣ್ಣೆದುರೇ ಅದನ್ನು ಒಯ್ದರು. ತಡೆಯಲು ಆ ಸಿಬ್ಬಂದಿ ಲಾಠಿ ಬೀಸಿದಾಗ ವಾಹನದ ಗಾಜು ಒಡೆಯಿತು. ಆಮೇಲೆ ವಾಹನ ನೋಯ್ಡಾದಲ್ಲಿ ಸಿಕ್ಕಿತು. ಸಾಕ್ಷ್ಯ ನಾಶ ಮತ್ತು ಅದರ ಒಳಸಂಚಿಗಾಗಿ, ಅಂದರೆ 201 ಮತ್ತು 120-ಬಿ ಕಲಮುಗಳ ಅಡಿ, ವಿಕಾಸ್ ಯಾದವ್ ಮತ್ತು ಅಮರ್‌ದೀಪ್ ಸಿಂಗ್ ಗಿಲ್ ಎಂಬಿಬ್ಬರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಇಲ್ಲಿ ಯಾರ ಮನಸ್ಸಿನೊಳಗೂ ಇಳಿಯಬೇಕಿರಲಿಲ್ಲ. ವಾಹನ ಅಲ್ಲಿತ್ತು, ಆಮೇಲೆ ಇರಲಿಲ್ಲ, ಒಯ್ಯುವುದನ್ನು ಕಂಡ ಮನುಷ್ಯನಿದ್ದ, ಗಾಜಿನ ಚೂರು ಇತ್ತು. ಕಾರು ಕದ್ದೊಯ್ಯುವವನನ್ನು ಹಿಡಿಯುವ ಕಾನೂನು ಸಾಕ್ಷಿಯನ್ನು ಕದ್ದೊಯ್ಯುವವನ ಮುಂದೆ ಸಪ್ಪೆಯಾಗುತ್ತದೆ. ಮಾತು ಬದಲಿಸಿದವರಿಗೆ ನೋಟಿಸ್ ಹೋಯಿತು, ಬದಲಿಸುವಂತೆ ಮಾಡಿದವರಿಗೆ ಹೋಗಲಿಲ್ಲ. ಸಾಕ್ಷಿಗೆ ಬೆದರಿಕೆ ಹಾಕುವುದನ್ನೇ ಪ್ರತ್ಯೇಕ ಅಪರಾಧವಾಗಿಸುವ 195-ಎ ಕಲಮು ದಂಡ ಸಂಹಿತೆಗೆ ಸೇರಿದ್ದೂ 2006ರಲ್ಲಿ, ಈ ವಿಚಾರಣೆ ಮುಗಿದ ಹೊತ್ತಿಗೆ.

ಪಕ್ಕದಲ್ಲಿ ಇನ್ನೊಂದು ತೀರ್ಪನ್ನು ಇಟ್ಟು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಜೆಸ್ಸಿಕಾ ಪ್ರಕರಣದ ಖುಲಾಸೆಯಾಗಿ ಎರಡು ವಾರ ಕಳೆದಾಗ, 2006ರ ಮಾರ್ಚ್ 8ರಂದು, 2002ರ ಗುಜರಾತ್ ಗಲಭೆಯಲ್ಲಿ ಬೇಕರಿಗೆ ಬೆಂಕಿ ಹಚ್ಚಿ ಜನರನ್ನು ಕೊಂದ ಬೆಸ್ಟ್ ಬೇಕರಿ ಪ್ರಕರಣದ ಪ್ರಮುಖ ಸಾಕ್ಷಿಗೆ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಗಾಗಿ ಒಂದು ವರ್ಷ ಸಾದಾ ಸೆರೆವಾಸ ಮತ್ತು ಐವತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಆಕೆ ಗಲಭೆಯಲ್ಲಿ ತನ್ನವರನ್ನು ಕಳೆದುಕೊಂಡ ಎಳೆಯ ವಯಸ್ಸಿನ ಹೆಣ್ಣುಮಗಳು. ಮಾತು ಮತ್ತೆ ಮತ್ತೆ ಬದಲಿಸಿದ್ದು ನಿಜ. ನಿಂದನೆಯ ಅಧಿಕಾರಕ್ಕೆ 340ರ ಸುತ್ತುದಾರಿ ಬೇಕಿಲ್ಲದ್ದರಿಂದ ಶಿಕ್ಷೆ ಬೇಗ ಬಂತು. ದೆಹಲಿಯ ಪಾರ್ಟಿಯ ಸಾಕ್ಷಿಗಳಿಗೆ ಏಳು ವರ್ಷದ ವಿಚಾರಣೆ, ಬೇಕರಿಯ ಸಾಕ್ಷಿಗೆ ಒಂದು ವರ್ಷದ ಜೈಲು. ಕಾನೂನಿನ ಕಲಮು ಹಿಡಿದು ಇದನ್ನು ಸಮರ್ಥಿಸಬಹುದು, ಹೊಟ್ಟೆಗೆ ಇಳಿಸಿಕೊಳ್ಳುವುದು ಕಷ್ಟ.

ನಮ್ಮದೇ ನೆಲದ ಪ್ರಕರಣ ಇನ್ನೂ ಕಷ್ಟದ್ದು. 2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೋಲಾರದ ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ, ದೆಹಲಿ ಹೈಕೋರ್ಟ್ ಮನು ಶರ್ಮಾನನ್ನು ದೋಷಿ ಎಂದ ಅದೇ ತಿಂಗಳಲ್ಲಿ, ಕೋಲಾರದಲ್ಲಿ ಎಲ್ಲರೂ ಖುಲಾಸೆಯಾದರು. 2014ರಲ್ಲಿ ಕರ್ನಾಟಕ ಹೈಕೋರ್ಟ್ ಆ ಖುಲಾಸೆಯನ್ನೇ ಎತ್ತಿಹಿಡಿಯಿತು. ಸಾಕ್ಷಿಗಳೆಂದರೆ ಆ ಊರಿನವರೇ, ಸತ್ತವರ ಬಳಗದವರೇ. ಸಾಕ್ಷಿ ಹೇಳಿ ಸಂಜೆ ಅದೇ ಊರಿಗೆ ಹಿಂದಿರುಗಬೇಕಾದವರು. ಅವರು ಕಟಕಟೆಯಲ್ಲಿ ಹೇಳಿದ್ದು ತಾಂತ್ರಿಕವಾಗಿ 191ನೇ ಕಲಮಿಗೆ ಸಿಗಬಹುದು. ಅವರ ಮೇಲೆ 340ರ ದೂರು ಕೊಡಬೇಕಿತ್ತು ಎಂದು ಮನಸ್ಸಾಕ್ಷಿ ಇರುವ ಯಾರೂ ಹೇಳಲಾರರು. ಜೆಸ್ಸಿಕಾ ಪ್ರಕರಣವನ್ನು ತೋರಿಸಿ ‘ತಿರುಗಿಬಿದ್ದ ಪ್ರತಿ ಸಾಕ್ಷಿಯನ್ನೂ ಒಳಗೆ ಹಾಕಿ’ ಎನ್ನುವವರಿಗೆ ಕಂಬಾಲಪಲ್ಲಿಯ ಕಡೆ ಕೈತೋರಿಸಬೇಕು. ಹಣಕ್ಕೋ ಸ್ನೇಹಕ್ಕೋ ಸುಳ್ಳು ಹೇಳಿದವನಿಗೂ ಜೀವಭಯದಿಂದ ಬಾಯಿ ಮುಚ್ಚಿದವನಿಗೂ ಕಲಮಿನ ಅಕ್ಷರದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಮಾಡುವ ಜಾಗ ‘ನ್ಯಾಯದ ಹಿತದೃಷ್ಟಿಯಿಂದ ಉಚಿತವೇ’ ಎಂಬ ಆ ಒಂದು ಪ್ರಶ್ನೆ. ದೆಹಲಿ ಹೈಕೋರ್ಟ್ ಹದಿನೇಳು ಮಂದಿಯನ್ನು ಬಿಟ್ಟದ್ದನ್ನು ಸೋಲೆಂದು ಬರೆದ ಪತ್ರಿಕೆಗಳ ಜೊತೆ ನಾನು ಪೂರ್ತಿ ಸೇರಲಾರದ್ದು ಇದೇ ಕಾರಣಕ್ಕೆ.

2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಶಾಸನ ಬರುವ ತನಕ ಅದೇ ಕಾನೂನು ಎಂದಿತು. ಸಾಕ್ಷಿ ಅರ್ಜಿ ಕೊಟ್ಟರೆ ಪೊಲೀಸ್ ಉಪವಿಭಾಗದ ಅಧಿಕಾರಿ ಬೆದರಿಕೆಯ ವರದಿ ಸಿದ್ಧಪಡಿಸಬೇಕು, ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರ ರಕ್ಷಣೆ ನಿರ್ಧರಿಸಬೇಕು. ಬೆದರಿಸುವವರ ಮಾವನೋ ಮೈದುನನೋ ಅದೇ ಠಾಣೆಯಲ್ಲಿದ್ದರೆ ಆ ವರದಿ ಯಾರ ಕೈಯಿಂದ ಬರುತ್ತದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಲೇಬೇಕು ಎನ್ನುತ್ತದೆ.

ಅದೇ ಸಂಹಿತೆಯಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿದೆ. ಹಳೆಯ 164ರ ಜಾಗಕ್ಕೆ ಬಂದ 183ನೇ ಕಲಮಿನ ಪ್ರಕಾರ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆ, ಜೀವಾವಧಿ ಅಥವಾ ಮರಣದಂಡನೆ ಇರುವ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು. ಇವತ್ತು ಅಂಥದೇ ಕೊಲೆ ನಡೆದರೆ ಕೌಂಟರಿನ ಪಕ್ಕ ನಿಂತವನ ಮಾತು ಕೆಲವೇ ದಿನಗಳಲ್ಲಿ, ಅವನಿಗೆ ತಿಳಿಯುವ ಭಾಷೆಯಲ್ಲಿ, ಪ್ರಮಾಣದ ಮೇಲೆ ನ್ಯಾಯಾಧೀಶರ ಮುಂದೆ ದಾಖಲಾಗಲು ದಾರಿ ಇದೆ. ಆದರೆ ‘ಕರೆತಂದ’ ಎಂಬ ಪದ ತನಿಖಾಧಿಕಾರಿಯ ಕೈಯಲ್ಲೇ ಉಳಿದಿದೆ: ಯಾರನ್ನು ಕರೆತರಬೇಕು, ಯಾರನ್ನು ಬಿಡಬೇಕು ಎಂಬುದು ಇಂದಿಗೂ ಅವರ ಆಯ್ಕೆ. ದೊಡ್ಡವರ ಮಗ ಆರೋಪಿಯಾಗಿರುವ ಪ್ರಕರಣದಲ್ಲಿ ವಕೀಲರು ದೋಷಾರೋಪ ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ತಿರುವಿ ನೋಡಬೇಕಾದ ಪುಟ, ಯಾವ ಯಾವ ಪ್ರತ್ಯಕ್ಷದರ್ಶಿಯ 183ರ ಹೇಳಿಕೆ ಅದರಲ್ಲಿಲ್ಲ ಎಂಬುದನ್ನು ತೋರಿಸುವ ಸಾಕ್ಷಿಗಳ ಪಟ್ಟಿ.